ಕ್ಯಾಂಪಸ್ಸಿನಲ್ಲಿ ಹಾಡು-ಹಾಸ್ಯದ ಸ್ವಂತ ನಾಟಕ: ಬರೆಯುವಲ್ಲಿಂದ ಪರದೆ ಏಳುವವರೆಗೆ

ಹಾಡು, ಕುಣಿತ, ನಗೆ ಮೂರನ್ನೂ ಸೇರಿಸಿ ವಿದ್ಯಾರ್ಥಿಗಳೇ ಹೊಸದಾಗಿ ನಾಟಕ ಕಟ್ಟಿದಾಗ ಅದು ಸೋಲುವುದು ಹೆಚ್ಚಾಗಿ ನಟನೆಯಿಂದಲ್ಲ, ಮಾತು ಕೇಳಿಸದೆ. ಸಂಭಾಷಣೆಯ ಜೋಕು ಕೈಕೊಟ್ಟರೆ ಮುಖಭಾವದಿಂದ ಸ್ವಲ್ಪ ಉಳಿಸಿಕೊಳ್ಳಬಹುದು. ಹಾಡಿನೊಳಗಿನ ಜೋಕು ಕಿವಿಗೆ ಬೀಳದಿದ್ದರೆ ಮೂರು ನಿಮಿಷ ಸಭೆ ಸುಮ್ಮನೆ ಕೂತಿರುತ್ತದೆ. ಕಾಸರಗೋಡಿನಲ್ಲಿ ಇದಕ್ಕೆ ಇನ್ನೊಂದು ಗಂಟೂ ಇದೆ. ವಿದ್ಯಾನಗರದ ಸರಕಾರಿ ಕಾಲೇಜಿರಲಿ, ಮಂಜೇಶ್ವರದ ಗೋವಿಂದ ಪೈ ಸ್ಮಾರಕ ಕಾಲೇಜಿರಲಿ, ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯವಿರಲಿ, ಎದುರು ಕೂತವರಲ್ಲಿ ಕನ್ನಡದವರು, ತುಳುವರು, ಮಲಯಾಳಿಗಳು, ಬ್ಯಾರಿ-ಕೊಂಕಣಿ ಮನೆಮಾತಿನವರು ಎಲ್ಲರೂ ಇರುತ್ತಾರೆ. ಪದ ಸ್ಪಷ್ಟವಾಗಿ ತಲುಪಿದರೆ ಅರ್ಧ ಗೊತ್ತಿರುವ ಭಾಷೆಯಲ್ಲೂ ಜನ ನಗುತ್ತಾರೆ. ತಲುಪದಿದ್ದರೆ ಸ್ವಂತ ಭಾಷೆಯಲ್ಲೂ ನಗುವುದಿಲ್ಲ.

ಮೊದಲು ದಿನ ಗೊತ್ತುಮಾಡಿ

ಕತೆಗಿಂತ ಮೊದಲು ತಾರೀಕು ಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೇಡವೇ ಬೇಡ. ಶೀಟು ಹಾಸಿದ ಸಭಾಂಗಣದ ಮೇಲೆ ಮಳೆ ಹೊಯ್ದರೆ ಯಾವ ಮೈಕೂ ಅದನ್ನು ಮೀರುವುದಿಲ್ಲ. ಅಕ್ಟೋಬರ್-ನವೆಂಬರ್‌ನಲ್ಲಿ ತುಲಾವರ್ಷದ (ಹಿಂಗಾರು ಮಳೆಯ) ಗುಡುಗು ಸರಿಯಾಗಿ ಸಾಯಂಕಾಲಕ್ಕೇ ಬರುತ್ತದೆ, ಜೊತೆಗೆ ಕರೆಂಟೂ ಹೋಗುತ್ತದೆ. ಡಿಸೆಂಬರ್ ನಡುವಿನಿಂದ ಫೆಬ್ರವರಿವರೆಗೆ ಒಳ್ಳೆಯ ಸಮಯ. ಆದರೆ ಊರಿನ ನೇಮ, ಜಾತ್ರೆ, ಕಳಿಯಾಟಗಳೂ (ತೆಯ್ಯಂ ಉತ್ಸವಗಳೂ) ಆಗಲೇ. ಸೌಂಡ್ಸ್‌ನವರು, ಲೈಟಿನವರು, ಜನರೇಟರ್‌ನವರು ಎಲ್ಲರೂ ಅಲ್ಲಿ ಬುಕ್ ಆಗಿರುತ್ತಾರೆ. ಸುತ್ತಲಿನ ದೇವಸ್ಥಾನ-ದೈವಸ್ಥಾನಗಳ ಉತ್ಸವದ ದಿನಗಳನ್ನು ಕೇಳಿಕೊಂಡು, ಪರೀಕ್ಷೆಯ ವೇಳಾಪಟ್ಟಿಯನ್ನೂ ಕಲೋತ್ಸವದ ದಿನಗಳನ್ನೂ ಪಕ್ಕದಲ್ಲಿಟ್ಟು ದಿನ ಆರಿಸಿ. ಆ ದಿನದಿಂದ ಹಿಂದಕ್ಕೆ 14 ವಾರ ಎಣಿಸಿ: ಬರವಣಿಗೆಗೆ 4, ರಾಗ ಕೂಡಿಸಿ ಹಾಡು ಕಲಿಯಲು 3, ದೃಶ್ಯ ಮತ್ತು ಕುಣಿತಕ್ಕೆ 5, ಎಲ್ಲ ಸೇರಿಸಿ ಓಡಿಸಲು 2. ಬರವಣಿಗೆ ಐದನೆಯ ವಾರಕ್ಕೆ ದಾಟಿದರೆ ಮುಂದಿನದರಿಂದ ಕಡ ತರಬೇಡಿ, ಒಂದು ಹಾಡನ್ನೇ ಕಡಿದುಹಾಕಿ.

ವೇಳೆಯೂ ಮುಖ್ಯ. ಪೆರ್ಲ, ಬದಿಯಡ್ಕ, ಮುಳ್ಳೇರಿಯ ಕಡೆಯ ಮಕ್ಕಳಿಗೆ ಕೊನೆಯ ಬಸ್ಸು ತಪ್ಪಿದರೆ ಮನೆಯಿಂದ ಮರುದಿನದ ಟ್ರಯಲ್‌ಗೆ ಬಿಡುವುದಿಲ್ಲ. ಟ್ರಯಲ್ ದಿನಕ್ಕೆ ತೊಂಬತ್ತು ನಿಮಿಷ, ಕ್ಲಾಸು ಬಿಟ್ಟ ಕೂಡಲೇ. ಪ್ರದರ್ಶನವೂ ಸಂಜೆ 5.30ರೊಳಗೆ ಶುರುವಾಗಲಿ.

ಕತೆ, ಗಾತ್ರ, ಯಾರನ್ನು ನೋಡಿ ನಗುವುದು

ಮೊದಲ ನಾಟಕಕ್ಕೆ 70 ನಿಮಿಷ, 7 ಹಾಡು ಸಾಕು. ಹಾಡು ಒಂದಕ್ಕೆ ಎರಡೂವರೆಯಿಂದ ಮೂರು ನಿಮಿಷ ಹಿಡಿದರೆ ಸುಮಾರು 20 ನಿಮಿಷ ಹಾಡಿಗೆ, 50 ನಿಮಿಷ ಮಾತಿಗೆ. ಕರಡನ್ನು ಗಟ್ಟಿಯಾಗಿ ಓದಿ ಗಡಿಯಾರ ಹಿಡಿಯಿರಿ; ವೇದಿಕೆಯಲ್ಲಿ ನಗು, ಓಡಾಟ ಸೇರಿ ನೂರಕ್ಕೆ ಹತ್ತು-ಹದಿನೈದು ಪಾಲು ಬೆಳೆಯುತ್ತದೆ. 62 ನಿಮಿಷದ ಓದೇ 70 ನಿಮಿಷದ ನಾಟಕ. ತಂಡ 25 ಜನರ ಆಸುಪಾಸು: ಮುಖ್ಯ ಪಾತ್ರ 6, ಗುಂಪು 8, ಹಿಮ್ಮೇಳ 4, ಪರದೆಯ ಹಿಂದೆ 7. ಪರದೆಯ ಹಿಂದಿನ ಏಳು ಜನರನ್ನು ಆಮೇಲೆ ನೋಡಿಕೊಳ್ಳೋಣ ಎಂದು ಬಿಟ್ಟ ತಂಡಗಳೇ ಕೊನೆಯ ವಾರದಲ್ಲಿ ನಟರ ಕೈಯಲ್ಲಿ ಮೇಜು ಹೊರಿಸುವುದು.

ಕತೆಗೆ ಒಂದೇ ಒಂದು ಬಯಕೆ, ಒಂದೇ ಅಡ್ಡಿ ಇರಲಿ. ನಮ್ಮ ಜಿಲ್ಲೆಯ ಕನ್ನಡ ವಿದ್ಯಾರ್ಥಿಗೆ ವಿವರಿಸಬೇಕಾಗಿಲ್ಲದ ಒಂದನ್ನು ಉದಾಹರಣೆಗೆ ಇಟ್ಟುಕೊಳ್ಳೋಣ: ಸಂಜೆ ಐದರೊಳಗೆ ಒಂದು ಅರ್ಜಿ ಸಲ್ಲಿಸಬೇಕು, ಅರ್ಜಿ ಮಲಯಾಳದಲ್ಲಿದೆ, ಸಹಿ ಹಾಕುವವರು ಒಂದು ಕಡೆ, ಸೀಲು ಇನ್ನೊಂದು ಕಡೆ. ಗಡಿಯಾರ ಓಡುತ್ತಿದೆ. ಹಾಸ್ಯಕ್ಕೆ ಗಡುವಿನಂಥ ಸಹಾಯ ಬೇರೆ ಇಲ್ಲ. ಪ್ರತಿ ಹಾಡಿನ ಕೊನೆಯಲ್ಲೂ ಗಡಿಯಾರದ ಮುಳ್ಳು ಮುಂದಕ್ಕೆ ಹೋಗಿರಬೇಕು. ಹಾಡು ತೆಗೆದರೂ ಕತೆ ಹಾಗೇ ನಿಂತರೆ ಆ ಹಾಡು ಬೇಡ.

ನಗೆಯ ಗುರಿ ವ್ಯವಸ್ಥೆಯಾಗಿರಲಿ, ಒಬ್ಬ ಗುಮಾಸ್ತನಲ್ಲ, ಒಂದು ಸಮುದಾಯದ ಉಚ್ಚಾರವಂತೂ ಅಲ್ಲ. ಮಲಯಾಳ ಬೆರೆತ ಕನ್ನಡ, ಹವ್ಯಕರ ಮಾತು, ಬ್ಯಾರಿ ಮಾತು ಇವನ್ನು ಅಣಕಿಸಿದರೆ ಮೊದಲ ಎರಡು ನಿಮಿಷ ಚಪ್ಪಾಳೆ ಬರುತ್ತದೆ, ಮೂರನೆಯ ದಿನ ಪ್ರಾಂಶುಪಾಲರ ಕೋಣೆಯಿಂದ ಕರೆ ಬರುತ್ತದೆ. ಆ ಭಾಷೆಯ ಮಾತುಗಳನ್ನು ಅದನ್ನು ಮನೆಯಲ್ಲಿ ಆಡುವವರೇ ಬರೆಯಲಿ. ಆಗ ನಗು ಒಳಗಿನಿಂದ ಹುಟ್ಟುತ್ತದೆ, ತಮಾಷೆಯೂ ಹೆಚ್ಚು ನಿಖರ. ಪೂರ್ತಿ ಕರಡನ್ನು ಆರನೆಯ ವಾರದೊಳಗೆ ಮೇಲ್ವಿಚಾರಕ ಅಧ್ಯಾಪಕರಿಗೆ ಕೊಟ್ಟು, ಓದಿದ್ದೇನೆ ಎಂದು ಬರಹದಲ್ಲಿ ಪಡೆಯಿರಿ. ಪ್ರದರ್ಶನದ ಹಿಂದಿನ ದಿನ ಒಂದು ಹಾಡು ಬೇಡವೆಂದರೆ ಅದಕ್ಕೆ ಬೆಸೆದ ಎರಡು ದೃಶ್ಯಗಳೂ ಬೀಳುತ್ತವೆ.

ಹಾಡು ಬರೆಯುವುದು: ಮಾತ್ರೆ ಎಣಿಸಿ

ಸಾಹಿತ್ಯ ಮೊದಲೋ ರಾಗ ಮೊದಲೋ ಎಂಬ ಜಗಳ ಹಾಸ್ಯದ ಹಾಡಿಗೆ ಇಲ್ಲ. ಸಾಹಿತ್ಯವೇ ಮೊದಲು. ಅರ್ಜಿಯ ಕತೆಗೆ ಒಂದು ಚರಣ ಹೀಗೆ ಬರೆಯಬಹುದು:

ಅರ್ಜಿಯು ಬಂದಿದೆ ಮಲಯಾಳದಲಿ
ನನಗೋ ಬರುವುದು ಕನ್ನಡ ಮಾತ್ರ
ಸೀಲಿನ ಮೇಜಲಿ ಸಹಿಯವರಿಲ್ಲ
ಸಹಿಯವರಿದ್ದರೆ ಸೀಲಿಗೆ ಬೀಗ!

ಸಾಲಿಗೆ ನಾಲ್ಕು ಮಾತ್ರೆಯ ನಾಲ್ಕು ಗಣ; ಕೊನೆಯ ಗಣದಲ್ಲಿ ಮೂರೇ ಮಾತ್ರೆ, ಒಂದು ಖಾಲಿ. ಆ ಖಾಲಿ ಮಾತ್ರೆ ಉಸಿರಿಗೆ. ಹದಿನಾರನ್ನೂ ತುಂಬಿದರೆ ಎರಡನೆಯ ಸಾಲಿನಿಂದಲೇ ಹಾಡುವವರು ಏದುಸಿರು ಬಿಡುತ್ತಾರೆ. ಎಂಟು ಪೆಟ್ಟಿನ ಆದಿತಾಳದಲ್ಲಿ ಒಂದು ಪೆಟ್ಟಿಗೆ ಎರಡು ಮಾತ್ರೆಯಂತೆ ಕೂರಿಸಿದರೆ ಸಾಲಿಗೊಂದು ಆವರ್ತ, ಅಂದರೆ ತಾಳದ ಒಂದು ಪೂರ್ತಿ ಸುತ್ತು. ನಿಮಿಷಕ್ಕೆ 120 ಪೆಟ್ಟಿನ ವೇಗದಲ್ಲಿ ಒಂದು ಸಾಲು 4 ಸೆಕೆಂಡು, ಪ್ರತಿ ಪದ ಬಿಡಿಬಿಡಿಯಾಗಿ ಕೇಳುತ್ತದೆ. 160ಕ್ಕೆ ಏರಿಸಿದರೆ 3 ಸೆಕೆಂಡು, ‘ಸಹಿಯವರಿದ್ದರೆ’ ಎಂಬುದು ‘ಸೈವರ್ದರೆ’ ಆಗುತ್ತದೆ. ವೇಗದ ಹಾಡೇ ಬೇಕೆಂದಿದ್ದರೆ ಪದ ಕಡಿಮೆ ಮಾಡಿ ಪುನರಾವರ್ತನೆ ಹೆಚ್ಚಿಸಿ.

ನಗಿಸುವ ಪದ ಸಾಲಿನ ತುದಿಯಲ್ಲೇ ಬೀಳಬೇಕು. ಮೇಲಿನ ಚರಣದಲ್ಲಿ ಅದು ‘ಬೀಗ’. ‘ಸೀಲಿಗೆ ಬೀಗ ಸಹಿಯವರಿದ್ದರೆ’ ಎಂದು ತಿರುಗಿಸಿ ಹಾಡಿ ನೋಡಿ, ಅರ್ಥ ಒಂದೇ, ನಗು ಬರುವುದಿಲ್ಲ. ‘ಬೀಗ’ ಆದ ಕೂಡಲೇ ಒಂದು ಪೂರ್ತಿ ಆವರ್ತ ವಾದ್ಯ ಮಾತ್ರ ನುಡಿಯಲಿ. ಜನ ನಗುವುದು ಆ ಜಾಗದಲ್ಲಿ. ನಗು ಉದ್ದವಾದರೆ ಇನ್ನೊಂದು ಆವರ್ತ, ಬಾರದಿದ್ದರೆ ನೇರ ಮುಂದಿನ ಚರಣ. ಈ ಕಾಯುವ ಸುತ್ತನ್ನು ಹಾಡಿನ ಪ್ರತಿಯಲ್ಲೇ ಚೌಕ ಹಾಕಿ ಗುರುತಿಸಿ. ಜಾಗವಿಲ್ಲದಿದ್ದರೆ ಒಂದು ಜೋಕಿನ ನಗು ಮುಂದಿನ ಜೋಕನ್ನು ನುಂಗುತ್ತದೆ.

ಇನ್ನು ರಾಗ ಕೂಡಿಸುವವರಿಗೆ. ಹ್ರಸ್ವವನ್ನು ಎಳೆಯಬೇಡಿ, ಒತ್ತಕ್ಷರವನ್ನು ಸಡಿಲಿಸಬೇಡಿ. ‘ಸಹಿ’ಯಲ್ಲಿ ಎರಡೂ ಲಘು, ‘ಸ’ವನ್ನು ಎರಡು ಪೆಟ್ಟು ಎಳೆದರೆ ‘ಸಾಹಿ’ ಎಂದು ಕೇಳಿ, ಅದೇನೆಂದು ಯೋಚಿಸುವಷ್ಟರಲ್ಲಿ ಸಾಲು ದಾಟಿರುತ್ತದೆ. ಉದ್ದ ಸ್ವರ ಬೇಕೆಂದರೆ ‘ಸೀಲು’, ‘ಬೀಗ’ ಇವೆಯಲ್ಲ, ಅಲ್ಲಿ ಎಳೆಯಿರಿ. ‘ಹಳ್ಳ’ವನ್ನು ‘ಹಾಳ’ ಮಾಡಿದಲ್ಲಿ ನಗು ಬರುವುದುಂಟು, ಬೇಡದ ಜಾಗದಲ್ಲಿ. ಪರೀಕ್ಷೆ ಸುಲಭ: ಹಾಡನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ಸಾಹಿತ್ಯ ನೋಡದ ಒಬ್ಬರಿಗೆ ಒಮ್ಮೆ ಮಾತ್ರ ಕೇಳಿಸಿ, ಕೇಳಿದ್ದನ್ನು ಬರೆಯಲು ಹೇಳಿ. ಅವರು ತಪ್ಪು ಬರೆದ ಪದಗಳೇ ತಿದ್ದಬೇಕಾದವು. ಏಳೂ ಹಾಡಿಗೆ ಇದನ್ನು ಮಾಡಿ, ಪ್ರತಿಸಲ ಬೇರೆ ಕಿವಿ.

ನಡೆಯಲ್ಲೂ ವೈವಿಧ್ಯ ಬೇಕು. ಎಲ್ಲವೂ ಚತುರಶ್ರದಲ್ಲಿ, ಅಂದರೆ ನಾಲ್ಕರ ನಡೆಯಲ್ಲಿ, ಇದ್ದರೆ ನಾಲ್ಕನೆಯ ಹಾಡಿಗೆ ಬೇಸರ. ಕೆಣಕುವ ಹಾಡಿಗೆ ಮೂರರ ನಡೆ, ಗಾಬರಿಯ ಹಾಡಿಗೆ ಐದರ ನಡೆ ಚೆನ್ನಾಗಿ ಒಪ್ಪುತ್ತದೆ. ಯಕ್ಷಗಾನ ಕೇಳಿ ಬೆಳೆದ ಈ ಕಡೆಯ ಸಭೆಗೆ ತಾಳ ಬದಲಾದದ್ದು ಹೇಳಿಕೊಡದೆ ಗೊತ್ತಾಗುತ್ತದೆ. ಯಕ್ಷಗಾನ ಕವಿ ಕುಂಬಳೆಯ ಪಾರ್ತಿಸುಬ್ಬನ ಊರಿನಲ್ಲಿ ಕುಳಿತು ತಾಳದ ಬಗ್ಗೆ ಜಿಪುಣತನ ಯಾಕೆ?

ಧ್ವನಿಗೆ ತಕ್ಕ ಶ್ರುತಿ

ಆಯ್ಕೆಗೆ ಒಬ್ಬೊಬ್ಬರಿಗೆ ಐದು ನಿಮಿಷ ಸಾಕು. ನಾಲ್ಕು ಸಾಲು ಹಾಡಲಿ, ನಾಲ್ಕು ಸಾಲು ಮಾತನ್ನು ಮೈಕಿಲ್ಲದೆ ಕೊನೆಯ ಬೆಂಚಿಗೆ ಕೇಳುವಂತೆ ಹೇಳಲಿ, ಮತ್ತೆ ಹಾರ್ಮೋನಿಯಂನಲ್ಲಿ ಒಂದೊಂದೇ ಮನೆ (ಕೀ) ಏರಿಸುತ್ತಾ ಸ್ವರ ಒಡೆಯುವ ಜಾಗ ಗುರುತಿಸಿ. ಹಾರ್ಮೋನಿಯಂನ ಬಿಳಿ ಮನೆಗಳ ಲೆಕ್ಕದಲ್ಲಿ ಸಾಮಾನ್ಯವಾಗಿ ಹುಡುಗರಿಗೆ ಬಿಳಿ ಒಂದರಿಂದ ಬಿಳಿ ಎರಡು, ಹುಡುಗಿಯರಿಗೆ ಬಿಳಿ ಐದರಿಂದ ಬಿಳಿ ಆರು ಹಿತ. ಸಂಗೀತ ಚೆನ್ನಾಗಿ ಬಂದು ಮಾತು ನುಂಗುವವರಿಗಿಂತ ಸಾಧಾರಣ ಕಂಠವಿದ್ದು ಅಕ್ಷರ ಸ್ಪಷ್ಟವಿರುವವರನ್ನೇ ಮುಖ್ಯ ಪಾತ್ರಕ್ಕೆ ಹಾಕಿ.

ಯುಗಳಗೀತೆಯಲ್ಲಿ ತೊಡಕು ಬರುವುದು ಇಲ್ಲೇ. ಒಂದೇ ಶ್ರುತಿಯಲ್ಲಿ ಹಾಡಿಸಿದರೆ ಒಬ್ಬರು ಕಿರುಚುತ್ತಾರೆ ಅಥವಾ ಇನ್ನೊಬ್ಬರು ಗೊಣಗುತ್ತಾರೆ. ಎರಡು ದಾರಿ ಇವೆ. ಚರಣಕ್ಕೊಂದರಂತೆ ಶ್ರುತಿ ಬದಲಿಸುವುದು: ಹುಡುಗ ಬಿಳಿ ಒಂದರಲ್ಲಿ ಮುಗಿಸಿದರೆ ಹುಡುಗಿ ಅದರ ಪಂಚಮವನ್ನೇ (ಪ) ಷಡ್ಜ (ಸ) ಮಾಡಿಕೊಂಡು ಬಿಳಿ ಐದರಲ್ಲಿ ಎತ್ತುವುದು, ನಡುವೆ ಹಾರ್ಮೋನಿಯಂನ ಒಂದು ಆವರ್ತ. ಅಥವಾ ಇಬ್ಬರೂ ಜೊತೆಯಾಗಿ ಹಾಡಬೇಕೆಂದರೆ ಬಿಳಿ ಮೂರರ ಆಸುಪಾಸಿನಲ್ಲಿ ಶ್ರುತಿ ಇಟ್ಟು, ರಾಗವನ್ನು ಮಂದ್ರ (ಕೆಳಗಿನ) ಪಂಚಮದಿಂದ ಮಧ್ಯ (ನಡುವಿನ) ಪಂಚಮದೊಳಗೇ ಕಟ್ಟುವುದು. ಕುಣಿಯುತ್ತಾ ಹಾಡುವ ಹಾಡಿಗೆ ಯಾವಾಗಲೂ ಒಂದು ಮನೆ ಇಳಿಸಿ.

ಕುಣಿತ ಹಾಕುವವರಿಗೆ ಒಂದೇ ಕಟ್ಟುಪಾಡು: ಪದ ಇರುವಲ್ಲಿ ಕಾಲು ಹಗುರ, ವಾದ್ಯ ಮಾತ್ರ ಇರುವಲ್ಲಿ ಜಿಗಿತ. ತಂಡದವರು ಇದನ್ನು ಒಪ್ಪದಿದ್ದರೆ ಮೈದಾನಕ್ಕೆ ಒಂದು ಸುತ್ತು ಓಡಿಸಿ ಹಾಡಿಸಿ, ತಾವೇ ಒಪ್ಪುತ್ತಾರೆ.

ಹಿಮ್ಮೇಳ

ರೆಕಾರ್ಡ್ ಮಾಡಿದ ಟ್ರ್ಯಾಕ್ ಅಗ್ಗ, ಆದರೆ ಅದು ನಗುವಿಗೆ ಕಾಯುವುದಿಲ್ಲ. ಹಾರ್ಮೋನಿಯಂ ಅಥವಾ ಕೀಬೋರ್ಡ್, ತಬಲ ಇಲ್ಲವೇ ಢೋಲಕ್, ಒಂದು ಕೊಳಲೋ ಗಿಟಾರೋ, ತಾಳ: ನಾಲ್ಕು ಜನ ಎದುರಿಗಿದ್ದರೆ ಸಾಕು. ಟ್ರ್ಯಾಕೇ ಗತಿಯೆಂದಾದರೆ ಪ್ರತಿ ಹಾಡನ್ನು ಚರಣಕ್ಕೊಂದು ಫೈಲಾಗಿ ತುಂಡು ಮಾಡಿ, ನಗು ಇಳಿದ ಮೇಲೆ ಮುಂದಿನದನ್ನು ಒತ್ತುವಂತೆ ಇಟ್ಟುಕೊಳ್ಳಿ. ಲ್ಯಾಪ್‌ಟಾಪ್ ಏರೋಪ್ಲೇನ್ ಮೋಡಿನಲ್ಲಿರಲಿ, ಎರಡನೆಯ ಪ್ರತಿ ಪೆನ್‌ಡ್ರೈವಿನಲ್ಲಿರಲಿ.

ಚೆಂಡೆ ತರಬೇಕೆಂಬ ಆಸೆ ಎಲ್ಲರಿಗೂ. ಅದು ಬಯಲಿನ ವಾದ್ಯ. ಮುಚ್ಚಿದ ಸಭಾಂಗಣದಲ್ಲಿ ಹಾಡಿನ ಅಡಿಗೆ ಹಿಡಿದರೆ ಸಾಹಿತ್ಯ ಪೂರ್ತಿ ಹೋಯಿತು. ಪಾತ್ರದ ಪ್ರವೇಶಕ್ಕೆ, ಬೆನ್ನಟ್ಟುವ ದೃಶ್ಯಕ್ಕೆ ಎರಡು ಕಡೆ ಇಟ್ಟುಕೊಂಡು ಹಾಡಿಗೆ ಮದ್ದಳೆಯೇ ಇರಲಿ. ದೀಪಾವಳಿ ಕಳೆದ ಮೇಲೆ ಮೇ ಕೊನೆಯ ಪತ್ತನಾಜೆಯವರೆಗೆ ಯಕ್ಷಗಾನ ಮೇಳಗಳ ತಿರುಗಾಟ ನಡೆಯುವುದರಿಂದ ವೃತ್ತಿ ಕಲಾವಿದರು ಸಿಗುವುದು ಕಷ್ಟ. ಕಲಿಯುತ್ತಿರುವ ವಿದ್ಯಾರ್ಥಿಗಳನ್ನೇ ಮೊದಲ ವಾರದಿಂದ ಸೇರಿಸಿಕೊಳ್ಳಿ. ಯಕ್ಷಗಾನದಿಂದ ಇನ್ನೊಂದನ್ನೂ ಎರವಲು ತರಬಹುದು: ಹಾಸ್ಯಗಾರನನ್ನು ಭಾಗವತರು ಪಕ್ಕದಿಂದಲೇ ಮಾತಿಗೆಳೆಯುವ ಕ್ರಮ. ಹಾರ್ಮೋನಿಯಂನವರಿಗೆ ಒಂದು ಮೈಕು, ನಾಲ್ಕೈದು ಪ್ರಶ್ನೆ ಮೊದಲೇ ಕೊಟ್ಟಿಡಿ. ವೇಷ ಬದಲಿಸುವುದು ತಡವಾಯಿತು, ಮೇಜು ಬರಲಿಲ್ಲ ಎಂದಾಗ ಆ ಎರಡು ನಿಮಿಷ ತುಂಬಿಕೊಳ್ಳುತ್ತದೆ.

ಟ್ರಯಲ್ ಮತ್ತು ಸ್ಟೇಜ್ ಮ್ಯಾನೇಜರ್

ನಿರ್ದೇಶಕರ ಕೆಲಸ ಕೊನೆಯ ಟ್ರಯಲ್‌ಗೆ ಮುಗಿಯುತ್ತದೆ. ಆಮೇಲೆ ನಾಟಕ ಸ್ಟೇಜ್ ಮ್ಯಾನೇಜರದ್ದು. ಅವರ ಕೈಯಲ್ಲಿ ಒಂದು ದಪ್ಪ ಪುಸ್ತಕವಿರಲಿ: ಎಡಪುಟಕ್ಕೆ ಸಂಭಾಷಣೆ ಅಂಟಿಸಿ, ಬಲಪುಟ ಖಾಲಿ ಬಿಟ್ಟು ಅಲ್ಲಿ ಬೆಳಕು 1, ಬೆಳಕು 2, ಧ್ವನಿ 1 ಎಂದು ಸಂಖ್ಯೆ ಹಾಕಿ, ಯಾವ ಪದಕ್ಕೆ ಬದಲಾಗಬೇಕೋ ಆ ಪದದಿಂದ ಗೆರೆ ಎಳೆಯಬೇಕು. ‘ಹಾಡು ಮುಗಿದಾಗ’ ಎಂದು ಬರೆದರೆ ಆಗದು, ‘ಬೀಗ’ ಪದಕ್ಕೆ ಎಂದು ಬರೆಯಬೇಕು. ಸೂಚನೆ ಎರಡು ಮೆಟ್ಟಿಲು: ‘ರೆಡಿ’, ಮತ್ತೆ ‘ಹೋಗಲಿ’. ಮೊಬೈಲ್ ಕರೆಯನ್ನು ನೆಚ್ಚಬೇಡಿ, ಸಭಾಂಗಣ ತುಂಬಿದಾಗ ನೆಟ್‌ವರ್ಕ್ ಕೈಕೊಡುತ್ತದೆ. ವಾಕಿಟಾಕಿ ಇಲ್ಲದಿದ್ದರೆ ಕೆಂಪು ಕಾಗದ ಸುತ್ತಿದ ಸಣ್ಣ ಟಾರ್ಚು ಸಾಕು.

ಕೊನೆಯ ವಾರದಲ್ಲಿ ಒಂದು ದಿನ ನಟನೆಯೇ ಬೇಡ. ಒಂದು ಸೂಚನೆಯಿಂದ ಇನ್ನೊಂದಕ್ಕೆ ಜಿಗಿಯುತ್ತಾ, ನಡುವಿನ ಮಾತು ಬಿಟ್ಟು, ಬೆಳಕು-ಧ್ವನಿ-ಪರಿಕರ ಬದಲಾವಣೆ ಮಾತ್ರ ಮಾಡಿ. ನಟರಿಗೆ ಬೇಸರ ಬರುತ್ತದೆ, ಬರಲಿ.

ಟ್ರಯಲ್‌ನಲ್ಲಿ ಜೋಕು ಹಳತಾಗುವುದು ಸಹಜ. ಮೂರನೆಯ ವಾರಕ್ಕೆ ತಂಡದಲ್ಲಿ ಯಾರೂ ನಗುವುದಿಲ್ಲ, ಆಗ ನಟರು ಹೊಸ ಮಾತು ಸೇರಿಸಲು ಶುರುಮಾಡುತ್ತಾರೆ. ಬಿಡಬೇಡಿ. ಹತ್ತನೆಯ ವಾರದಲ್ಲಿ ಬೇರೆ ವಿಭಾಗದ ಹತ್ತು ಜನರನ್ನು ಕೂರಿಸಿ ಆಡಿಸಿ. ಅವರು ನಕ್ಕಲ್ಲಿ ಗುರುತು ಹಾಕಿ, ನಗದ ಜೋಕನ್ನು ಮಾತ್ರ ಬದಲಿಸಿ.

ಮೈಕು: ದುಡ್ಡಿನ ಅರ್ಧಪಾಲು ಇಲ್ಲಿಗೆ

ಸೆಟ್ಟಿಂಗಿಗೆ ಖರ್ಚು ಮಾಡಿ ಮೈಕಿಗೆ ಜಿಪುಣತನ ತೋರಿದ ನಾಟಕಗಳು ಚಂದ ಕಾಣುತ್ತವೆ, ಅಷ್ಟೆ. ಮುಖ್ಯ ಪಾತ್ರಗಳಿಗೆ ಐದೋ ಆರೋ ಹೆಡ್‌ಸೆಟ್ ಮೈಕು, ಗುಂಪಿಗೆ ವೇದಿಕೆಯ ಅಂಚಿನಲ್ಲಿ ಮೂರು ನೆಲದ ಮೈಕು, ಹಿಮ್ಮೇಳಕ್ಕೆ ಮೂರು. ಸೌಂಡ್ಸ್‌ನವರಲ್ಲಿ ‘ಮೈಕ್‌ಸೆಟ್ ಬೇಕು’ ಎಂದಷ್ಟೇ ಹೇಳಿದರೆ ಭಾಷಣದ ಸೆಟ್ ಬರುತ್ತದೆ; ಎಷ್ಟು ಹೆಡ್‌ಸೆಟ್, ಎಷ್ಟು ಚಾನೆಲ್ಲಿನ ಮಿಕ್ಸರ್, ಹಾಡುವವರಿಗೆ ಕೇಳಿಸುವ ಮಾನಿಟರ್ ಎರಡು ಎಂದು ಬರೆದುಕೊಡಿ.

ಹೆಡ್‌ಸೆಟ್‌ನ ತುದಿ ತುಟಿಯ ಮೂಲೆಯಿಂದ ಎರಡು ಬೆರಳಷ್ಟು ದೂರ, ಕೆನ್ನೆಯ ಮೇಲೆ ಇರಬೇಕು. ಬಾಯಿಯ ನೇರಕ್ಕೆ ಬಂದರೆ ಪ, ಬ, ಭ ಬಂದಾಗಲೆಲ್ಲ ‘ಡಬ್’ ಎನ್ನುತ್ತದೆ. ಆಸ್ಪತ್ರೆಯ ಕಾಗದದ ಟೇಪಿನಿಂದ ಬಣ್ಣ ಹಚ್ಚುವ ಮೊದಲೇ ಅಂಟಿಸಿ. ಬಣ್ಣದ ಮೇಲೆ ಅಂಟಿಸಿದ ಟೇಪು ನಮ್ಮ ಕಡಲ ತಡಿಯ ಸೆಕೆಗೆ ಎರಡನೆಯ ಹಾಡಿಗೇ ಬಿಡುತ್ತದೆ. ಸೊಂಟದ ಪೆಟ್ಟಿಗೆಯನ್ನು ತೆಳು ಪ್ಲಾಸ್ಟಿಕ್‌ನಲ್ಲಿ ಸುತ್ತಿ, ಬೆವರು ಒಳಗೆ ಇಳಿದರೆ ಗೊರಗೊರ ಶುರು. ಬ್ಯಾಟರಿ ಪ್ರತಿ ಪ್ರದರ್ಶನಕ್ಕೂ ಹೊಸದು. ಎಲ್ಲ ಮೈಕುಗಳನ್ನೂ ಒಟ್ಟಿಗೆ ಹಚ್ಚಿ ಪರೀಕ್ಷಿಸಿ. ಒಂದೊಂದಾಗಿ ನೋಡಿದಾಗ ಸರಿಯಿದ್ದು, ಒಟ್ಟಿಗೆ ಹಚ್ಚಿದಾಗ ಫ್ರೀಕ್ವೆನ್ಸಿ ಡಿಕ್ಕಿ ಹೊಡೆಯುವುದು ಸಾಮಾನ್ಯ.

ಸ್ಪೀಕರ್‌ಗಳು ಮೈಕುಗಳಿಗಿಂತ ಮುಂದೆ, ಸಭೆಯ ಕಡೆಗಿರಬೇಕು. ಹಿಂದೆ ಇಟ್ಟರೆ ಕೂಗುತ್ತದೆ, ಕೂಗು ನಿಲ್ಲಿಸಲು ಧ್ವನಿ ಇಳಿಸುತ್ತಾರೆ, ಕೊನೆಗೆ ಏನೂ ಕೇಳದು. ನೆಲದ ಮೈಕುಗಳ ನಡುವಿನ ಅಂತರ, ಮೈಕಿಂದ ಹಾಡುವವರ ಬಾಯಿಗಿರುವ ದೂರದ ಮೂರು ಪಟ್ಟಾದರೂ ಇರಲಿ. ಹತ್ತಿರವಿದ್ದರೆ ಒಂದೇ ಧ್ವನಿ ಎರಡು ಮೈಕಿಗೆ ಹಿಂದುಮುಂದಾಗಿ ಬಿದ್ದು ಟೊಳ್ಳಾಗುತ್ತದೆ. ಖಾಲಿ ಸಭಾಂಗಣದಲ್ಲಿ ಹೊಂದಿಸಿದ ಧ್ವನಿ ಜನ ತುಂಬಿದ ಮೇಲೆ ಮಂಕಾಗುತ್ತದೆ, ಮೊದಲ ಹಾಡಿನಲ್ಲಿ ಸ್ವಲ್ಪ ಏರಿಸಲು ಜಾಗ ಉಳಿಸಿಕೊಳ್ಳಿ.

ಮಿಕ್ಸರ್ ಮುಂದೆ ನಿಮ್ಮ ತಂಡದ ಒಬ್ಬರು ಪ್ರತಿ ಹಿಡಿದು ಕೂರಲೇಬೇಕು. ವೇದಿಕೆಯಿಂದ ಒಳಗೆ ಹೋದವರ ಮೈಕು ತಕ್ಷಣ ಮುಚ್ಚದಿದ್ದರೆ ಚೌಕಿಯಲ್ಲಿ (ವೇಷ ಕಟ್ಟುವ ಕೋಣೆಯಲ್ಲಿ) ಆಡಿದ ಮಾತು ಇಡೀ ಸಭೆಗೆ ಕೇಳುತ್ತದೆ. ನಾಟಕಕ್ಕಿಂತ ದೊಡ್ಡ ನಗು ಬರುವುದು ಆಗಲೇ.

ಬೆಳಕು, ಕರೆಂಟು, ವೇಷ

ಹಾಸ್ಯಕ್ಕೆ ಕತ್ತಲೆ ಆಗದು. ಮುಖ ಕಾಣದಿದ್ದರೆ ಪದವೂ ಅರ್ಧ ಕೇಳಿದಂತೆ. ಎದುರಿನಿಂದ ಎರಡು ಬದಿಗೆ, ಸುಮಾರು 45 ಡಿಗ್ರಿ ಎತ್ತರದಿಂದ ಬೆಚ್ಚನೆಯ ಬಿಳಿ ಬೆಳಕು ತುಂಬಿರಲಿ, ಬಣ್ಣದ ಬೆಳಕು ಹಿನ್ನೆಲೆಗೆ ಮಾತ್ರ. 1000 ವಾಟಿನ ಹ್ಯಾಲೊಜನ್ ಒಂದು 230 ವೋಲ್ಟಿನಲ್ಲಿ ನಾಲ್ಕೂಕಾಲು ಆಂಪಿಯರ್‌ಗಿಂತ ತುಸು ಹೆಚ್ಚೇ ಎಳೆಯುತ್ತದೆ, ಅಂದರೆ 16 ಆಂಪಿಯರ್ ಲೈನಿಗೆ ಮೂರೇ. ನಾಲ್ಕನೆಯದನ್ನು ಸಿಕ್ಕಿಸಿದರೆ ಹಾಡಿನ ನಡುವೆ ಟ್ರಿಪ್. ಧ್ವನಿಗೂ ಬೆಳಕಿಗೂ ಒಂದೇ ಲೈನ್ ಕೊಟ್ಟರೆ ಡಿಮ್ಮರ್‌ನ ಗುಂಯ್ ಸದ್ದು ಸ್ಪೀಕರಿನಲ್ಲಿ ಬರುತ್ತದೆ, ಬೇರೆ ಲೈನ್ ಕೇಳಿ. ವೇಷಗಳ ಬಗ್ಗೆ ಹೆಚ್ಚು ಹೇಳಲು ಇಲ್ಲ: ಕುಣಿದು ನೋಡದ ಬಟ್ಟೆಯನ್ನು ವೇದಿಕೆಗೆ ತರಬೇಡಿ.

ಮಲಯಾಳಿ ಪ್ರೇಕ್ಷಕರಿಗೆ

ಪರದೆಯ ಮೇಲೆ ಮಲಯಾಳ ಅಡಿಬರಹ ಹಾಕುವುದು ಒಳ್ಳೆಯದು, ಒಂದು ಅಪಾಯ ಬಿಟ್ಟರೆ. ಪೂರ್ತಿ ಸಾಲು ಒಮ್ಮೆಗೇ ಬಂದರೆ ನಟ ಹೇಳುವ ಮೊದಲೇ ಜನ ಓದಿ ನಗುತ್ತಾರೆ, ಹೇಳಿದಾಗ ಮೌನ. ನಗಿಸುವ ಪದವನ್ನು ಪ್ರತ್ಯೇಕ ಸ್ಲೈಡಿಗೆ ಇಳಿಸಿ. ಸ್ಲೈಡ್ ಒತ್ತುವವರು ಕೊನೆಯ ಎರಡು ವಾರದ ಎಲ್ಲ ಟ್ರಯಲ್‌ಗೂ ಬರಬೇಕು. ಸಭಾಂಗಣದ ಕಂಪ್ಯೂಟರಿನಲ್ಲಿ ಫಾಂಟ್ ಇಲ್ಲದೆ ಅಕ್ಷರಗಳೆಲ್ಲ ಚೌಕವಾಗುವುದುಂಟು. ಪಿಡಿಎಫ್ ಮಾಡಿ ಒಯ್ಯಿರಿ.

ಅನುಮತಿ ಮತ್ತು ಹಕ್ಕು

ಬಯಲು ವೇದಿಕೆಯಾದರೆ ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು. 2000ದ ಶಬ್ದಮಾಲಿನ್ಯ ನಿಯಮಗಳಂತೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಹಚ್ಚುವಂತಿಲ್ಲ.

ಸಿನಿಮಾ ಹಾಡಿನ ರಾಗಕ್ಕೆ ಹೊಸ ಸಾಹಿತ್ಯ ಕೂರಿಸುವ ಆಸೆ ಬಂದೇ ಬರುತ್ತದೆ. 1957ರ ಕೃತಿಸ್ವಾಮ್ಯ ಕಾಯಿದೆಯ 52ನೆಯ ಸೆಕ್ಷನ್, ಸಂಸ್ಥೆಯ ಚಟುವಟಿಕೆಯಾಗಿ ಅಧ್ಯಾಪಕರು-ವಿದ್ಯಾರ್ಥಿಗಳು ತಮ್ಮವರ, ಹೆತ್ತವರ ಮತ್ತು ಸಂಸ್ಥೆಗೆ ಸಂಬಂಧಪಟ್ಟವರ ಎದುರು ಮಾತ್ರ ಆಡುವ ಪ್ರದರ್ಶನಕ್ಕೆ ವಿನಾಯಿತಿ ಕೊಡುತ್ತದೆ. ಟಿಕೆಟು ಇಟ್ಟು ಊರವರನ್ನು ಕರೆದರೆ, ವಿಡಿಯೋ ಯೂಟ್ಯೂಬಿಗೆ ಹಾಕಿದರೆ ಆ ಆಸರೆ ನೆಚ್ಚುವಂತಿಲ್ಲ. ಯೂಟ್ಯೂಬಂತೂ ರಾಗವನ್ನು ತಾನೇ ಗುರುತಿಸಿ ತಡೆಯುವುದುಂಟು. ಸ್ವಂತ ರಾಗವೇ ಇರಲಿ. ಬರೆದವರು, ರಾಗ ಕೂಡಿಸಿದವರು ಯಾರು, ಮುಂದಿನ ವರ್ಷದ ತಂಡ ಇದನ್ನು ಆಡಬಹುದೇ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಎಲ್ಲರೂ ಸಹಿ ಹಾಕಿ. ಹಾಡುಗಳನ್ನು ಸ್ವರಸಹಿತ ಬರೆದಿಡದಿದ್ದರೆ ಕೊನೆಯ ವರ್ಷದ ಹಾರ್ಮೋನಿಯಂನವರು ಪಾಸಾಗಿ ಹೋದ ದಿನವೇ ನಾಟಕವೂ ಹೋಗುತ್ತದೆ.

ಬೇರೆ ಕಾಲೇಜಿಗೆ ಒಯ್ಯುವುದಿದ್ದರೆ

ಸೆಟ್ಟಿಂಗನ್ನು ಮೊದಲಿನಿಂದಲೇ ಜೀಪಿನ ಹಿಂದೆ ಹಿಡಿಯುವ ಅಳತೆಗೆ, ಆರಡಿಗಿಂತ ಉದ್ದವಿಲ್ಲದ ತುಂಡುಗಳಾಗಿ ಮಾಡಿ. ಹೊಸ ವೇದಿಕೆಯ ಅಗಲ, ಆಳ, ಎರಡು ಬದಿಯ ಬಾಗಿಲು, ಪ್ಲಗ್ ಪಾಯಿಂಟ್‌ಗಳ ಜಾಗ ಇಷ್ಟನ್ನು ಫೋಟೋ ಸಮೇತ ತರಿಸಿಕೊಳ್ಳಿ. ಹೋದ ಕೂಡಲೇ ವೇದಿಕೆಯ ನಡುವೆ ನಿಂತು ಒಮ್ಮೆ ಚಪ್ಪಾಳೆ ತಟ್ಟಿ. ಸದ್ದು ತಿರುಗಿ ಬಂದರೆ ಹಾಡುಗಳನ್ನು ಐದೋ ಹತ್ತೋ ಪೆಟ್ಟು ನಿಧಾನ ಮಾಡಿ ಎಂದು ಹಿಮ್ಮೇಳಕ್ಕೆ ಆಗಲೇ ಹೇಳಿಬಿಡಿ.